ನಲವತ್ತೈದು ಪೈಸೆಯ ವಿಮೆ

ಪ್ರವಾಸಕ್ಕೆ ಹೊರಟವರ ಮುಂದೆ ಅಶುಭದ ಮಾತು ಆಡಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ‘ಹೋಗುತ್ತೇನೆ’ ಎಂದರೆ ತಪ್ಪು, ‘ಹೋಗಿ ಬರುತ್ತೇನೆ’ ಎನ್ನಬೇಕು. ಹೊಸ್ತಿಲು ದಾಟಿದವನನ್ನು ಹಿಂದಿನಿಂದ ಕೂಗಿ ‘ಎಲ್ಲಿಗೆ?’ ಎಂದು ಕೇಳಕೂಡದು. ಕೈಗೆ ಮೊಸರು ಸಕ್ಕರೆ ಹಾಕಿ ಕಳಿಸುವ ಇಂಥ ಮನೆಯಲ್ಲಿ ಯಾರಾದರೂ ಎದ್ದು ನಿಂತು, ‘ಹೊರಡುವುದೇನೋ ಸರಿ, ದಾರಿಯಲ್ಲಿ ನಿಮಗೆ ಹೆಚ್ಚುಕಡಿಮೆಯಾದರೆ ಹಣ ಯಾರಿಗೆ ಸೇರಬೇಕು?’ ಎಂದು ಕೇಳಿದರೆ ಅವನಿಗೆ ಮರುದಿನದಿಂದ ಆ ಮನೆಯಲ್ಲಿ ಚಹ ಸಿಗಲಾರದು. ಆದರೆ ಇಂದು ಐ.ಆರ್.ಸಿ.ಟಿ.ಸಿ.ಯ ಮೂಲಕ ರೇಲ್ವೆ ಟಿಕೇಟು ತೆಗೆಯುವ ನಮಗೆಲ್ಲ ಇದೇ ಪ್ರಶ್ನೆ ಎದುರಾಗುತ್ತದೆ. ಊರು, ದಿನಾಂಕ, ವಯಸ್ಸು, ಕೆಳಗಿನ ಬರ್ತು ಎಲ್ಲ ತುಂಬಿ ಮುಗಿಯುವ ಹೊತ್ತಿಗೆ, ಪ್ರವಾಸ ವಿಮೆ ಬೇಕೋ ಬೇಡವೋ ಎಂಬ ಒಂದು ಸಾಲು. ನಮ್ಮವರಲ್ಲಿ ಎಷ್ಟೋ ಜನ ‘ಬೇಡ’ ಎಂದು ಒತ್ತಿ ಮುಂದೆ ಹೋಗುತ್ತಾರೆ. ಅದು ಜಿಪುಣತನವಲ್ಲ; ಒಂದು ಬಗೆಯ ಮಡಿ.

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರ ಬಾಳು ಅರ್ಧ ರೇಲ್ವೆಯಲ್ಲೇ ಕಳೆಯುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಮದುವೆ, ಮುಂಜಿವೆ, ಬಾಣಂತನ, ಶ್ರಾದ್ಧ, ಹೊಲದ ಉತಾರ, ಎಲ್ಲಕ್ಕೂ ಊರ ಗಾಡಿ ಹತ್ತಲೇಬೇಕು. ನಾನು ಪುಣೆಯಲ್ಲಿ ಒಂದು ಸರಕಾರಿ ಕಚೇರಿಯ ಕಾರಕೂನ. ನನ್ನ ಅಜ್ಜ ಮಿರಜಿನಲ್ಲಿ ಗಾಡಿ ಬದಲಿಸಿ, ಟ್ರಂಕನ್ನು ಹೆಗಲ ಮೇಲೆ ಹೊತ್ತು, ಮೀಟರ್ ಗೇಜಿನ ಗಾಡಿಯಲ್ಲಿ ಜಾಗ ಹಿಡಿಯುತ್ತಿದ್ದ ಕತೆಯನ್ನು ಅವ್ವ ಇಂದಿಗೂ ಹೇಳುತ್ತಾಳೆ. ಈಗ ಮಿರಜಿನಲ್ಲಿ ಇಳಿಯುವ ಕಾರಣವಿಲ್ಲ. ರಾತ್ರಿ ಮಲಗಿದರೆ ಬೆಳಗಿಗೆ ಧಾರವಾಡ. ಮನೆಯವರ ಟಿಕೇಟು ತೆಗೆಯುವ ಕೆಲಸ ನನ್ನದು. ಕಾಗದ ಪತ್ರದ ಕಸುಬಿನವನಾದ್ದರಿಂದ ನಾನು ಆ ಸಾಲಿಗೆ ‘ಬೇಕು’ ಎಂದೇ ಒತ್ತುವವನು.

ಈ ವಿಮೆ ಆರಂಭವಾದದ್ದು ೨೦೧೬ರ ಸಪ್ಟೆಂಬರ ೧ರಂದು. ಆಗ ಒಬ್ಬರಿಗೆ ೯೨ ಪೈಸೆ. ನಡುವೆ ಕೆಲಕಾಲ ಪುಕ್ಕಟೆಯಾಗಿಯೂ ಇತ್ತು. ಈಗ ೪೫ ಪೈಸೆ. ಇಪ್ಪತ್ತೈದು ಪೈಸೆಯ ನಾಣ್ಯವನ್ನೇ ಸರಕಾರ ೨೦೧೧ರ ಜೂನ್ ಕೊನೆಗೆ ಹಿಂದಕ್ಕೆ ತೆಗೆದುಕೊಂಡ ಮೇಲೆ, ನಲವತ್ತೈದು ಪೈಸೆಯನ್ನು ಕೈಯಲ್ಲಿ ಎಣಿಸಿ ಕೊಡುವುದೂ ಸಾಧ್ಯವಿಲ್ಲ. ಇಷ್ಟಕ್ಕೆ ಪ್ರತಿಯಾಗಿ, ಪ್ರವಾಸಿ ಅಪಘಾತದಲ್ಲಿ ತೀರಿಕೊಂಡರೆ ಅಥವಾ ಸಂಪೂರ್ಣ ಶಾಶ್ವತ ಅಂಗವಿಕಲನಾದರೆ ೧೦ ಲಕ್ಷ ರೂಪಾಯಿ, ಭಾಗಶಃ ಶಾಶ್ವತ ಅಂಗವಿಕಲತೆಗೆ ೭.೫ ಲಕ್ಷ, ಆಸ್ಪತ್ರೆಯ ಖರ್ಚಿಗೆ ೨ ಲಕ್ಷದವರೆಗೆ, ಮೃತದೇಹವನ್ನು ಊರಿಗೆ ಸಾಗಿಸಲು ೧೦ ಸಾವಿರ. ಗಾಡಿ ಹಳಿ ತಪ್ಪಿದರೆ ಮಾತ್ರವಲ್ಲ. ದರೋಡೆ, ದಂಗೆ, ಬೆಂಕಿ, ಗಾಡಿಯಿಂದ ಆಕಸ್ಮಿಕವಾಗಿ ಬೀಳುವುದು ಇವೂ ಅದರಲ್ಲಿ ಸೇರಿವೆ.

ನನ್ನ ಸೋದರಮಾವನಿಗೆ ಇದು ನಂಬಿಕೆಯೇ ಆಗಲಿಲ್ಲ. “ಏ ತಮ್ಮಾ, ನಲವತ್ತೈದು ಪೈಸೆಕ್ಕ ಹತ್ತು ಲಕ್ಷ ಯಾರರ ಕೊಡತಾರೇನೋ? ಅಂವಾ ಕೊಟ್ಟರ ಅವನ ಮನೀ ಹರಾಜ ಆಗತದ” ಎಂದರು. ಅವರದು ಧಾರವಾಡದಲ್ಲಿ ಸಣ್ಣ ಕಿರಾಣಿ ಅಂಗಡಿ. ವ್ಯಾಪಾರದ ಲೆಕ್ಕವನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದ ನಾನು ಲೆಕ್ಕದಿಂದಲೇ ಉತ್ತರ ಕೊಟ್ಟೆ. ಹತ್ತು ಲಕ್ಷವನ್ನು ನಲವತ್ತೈದು ಪೈಸೆಯಿಂದ ಭಾಗಿಸಿದರೆ ಇಪ್ಪತ್ತೆರಡು ಲಕ್ಷಕ್ಕೆ ಮೇಲೆ ಬರುತ್ತದೆ. ಅಂದರೆ, ಇಪ್ಪತ್ತೆರಡು ಲಕ್ಷ ಪ್ರವಾಸಿಗಳಲ್ಲಿ ಒಬ್ಬರಿಗೂ ಅಂಥದ್ದು ಆಗಲಾರದೆಂದು ಕಂಪನಿಯವರು ಲೆಕ್ಕ ಹಾಕಿದ್ದಾರೆ. ಕಚೇರಿ ಖರ್ಚು, ಲಾಭ ಹಿಡಿದರೆ ಇನ್ನೂ ಹೆಚ್ಚು ಜನ ಬೇಕು. ವಿಮೆಯ ಮಾತೆತ್ತಿದರೆ ಅಪಶಕುನವೆನ್ನುವವರಿಗೆ ನಿಜವಾಗಿ ಇದಕ್ಕಿಂತ ಒಳ್ಳೆಯ ಶಕುನ ಯಾವುದು? ಹಣ ಹೂಡಿದವನೇ ‘ನೀವು ಕ್ಷೇಮವಾಗಿ ಮುಟ್ಟುತ್ತೀರಿ’ ಎಂದು ಪಣ ಕಟ್ಟಿದಂತಾಯಿತಲ್ಲ!

ಈ ಯುಕ್ತಿ ಹೊಸದೇನೂ ಅಲ್ಲ. ನಮ್ಮಲ್ಲಿ ಬೋರಿಬಂದರದಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿದ್ದು ೧೮೫೩ರ ಎಪ್ರಿಲ್ ೧೬ರಂದು. ಅದಕ್ಕೂ ಕೆಲವು ವರ್ಷ ಮೊದಲೇ ಇಂಗ್ಲೆಂಡಿನಲ್ಲಿ ರೇಲ್ವೆ ಪ್ರವಾಸಿಗಳಿಗಾಗಿಯೇ ಒಂದು ವಿಮಾ ಕಂಪನಿ ಹುಟ್ಟಿತ್ತು. ಅಲ್ಲಿ ಟಿಕೇಟಿನೊಂದಿಗೆ ಮೊದಲ ದರ್ಜೆಯವನು ೩ ಪೆನ್ನಿ ಕೊಟ್ಟು ಸಾವಿರ ಪೌಂಡಿನ ವಿಮೆ ಕೊಳ್ಳುತ್ತಿದ್ದ. ಮೂರನೆಯ ದರ್ಜೆಯವನು ೧ ಪೆನ್ನಿಗೆ ಇನ್ನೂರು ಪೌಂಡಿನದು. ಪ್ರಾಣದ ಬೆಲೆಯಲ್ಲೂ ದರ್ಜೆಗಳಿದ್ದವು. ನಮ್ಮ ನಲವತ್ತೈದು ಪೈಸೆಯಲ್ಲಿ ಆ ಭೇದವಿಲ್ಲ; ಸ್ಲೀಪರಿನವನಿಗೂ ಏ.ಸಿ.ಯವನಿಗೂ ಒಂದೇ ಮೊತ್ತ.

ಮಾಮಾ ಇಷ್ಟೆಲ್ಲ ಕೇಳಿ “ಇರಲಿ ಬಿಡು, ನಿನ್ನ ರೊಕ್ಕ” ಎಂದು ಸುಮ್ಮನಾದರು. ನನ್ನ ಮಗಳ ನಾಮಕರಣಕ್ಕೆಂದು ಪುಣೆಗೆ ಬಂದಿದ್ದರು. ಜನವರಿ ಕೊನೆಯ ವಾರ. ರಾತ್ರಿ ಗಾಡಿ ಹತ್ತಿಸಿ ಬಂದೆ. ಬೆಳಗಿನ ಜಾವ ಫೋನು. ಧಾರವಾಡದಲ್ಲಿ ಇಳಿಯುವಾಗ ಗಾಡಿ ಒಮ್ಮೆಲೆ ಕದಲಿ, ಹಿಡಿಕೆ ಕೈತಪ್ಪಿ, ಪ್ಲಾಟ್‌ಫಾರ್ಮಿನ ಮೇಲೆ ಬಿದ್ದಿದ್ದರು. ತೊಡೆಯ ಎಲುಬು ಮುರಿದಿತ್ತು.

ಅವರ ಮಗ ಫೋನಿನಲ್ಲಿ ಅಳುತ್ತಿದ್ದ. ನಾನು ಹೇಳಿದ್ದು ಎರಡೇ ಮಾತು. “ಮೊದಲ ದವಾಖಾನಿ. ಅದು ಆದ ಕೂಡಲೆ ಸ್ಟೇಶನ್ ಮಾಸ್ತರ ಕಡೆ ಹೋಗಿ ಬರಸು. ಇಳಿಯೋವಾಗ ಬಿದ್ದದ್ದು, ಯಾವ ಗಾಡಿ, ಯಾವ ಬೋಗಿ, ಎಷ್ಟು ಗಂಟೆ, ಎಲ್ಲಾ.” ತಂದೆ ನರಳುತ್ತಿರುವಾಗ ಇವನಿಗೆ ಬರಹದ್ದೇ ಚಿಂತೆಯೆಂದು ಹುಡುಗನಿಗೆ ಅನ್ನಿಸಿರಬೇಕು. ಆದರೂ ಹೋಗಿ ಬರೆಸಿದ. ಅಲ್ಲಿದ್ದ ರೇಲ್ವೆ ಪೋಲೀಸನೊಬ್ಬ ತಾನೇ ನೋಡಿದ್ದಾಗಿ ಹೇಳಿದನು.

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಗಿ ರಾಡು ಹಾಕಿದರು. ಬಿಲ್ಲು ಒಂದು ಲಕ್ಷದ ನಲವತ್ತೆಂಟು ಸಾವಿರ. ಮಾಮಾನಿಗೆ ಪೆನ್ಶನ್ ಇಲ್ಲ, ಆರೋಗ್ಯ ವಿಮೆ ಇಲ್ಲ. ಇದ್ದದ್ದು ಕಿರಿಯ ಮಗಳ ನರ್ಸಿಂಗ್ ಕಾಲೇಜಿನ ಎರಡನೆಯ ವರ್ಷದ ಶುಲ್ಕಕ್ಕೆಂದು ಪೋಸ್ಟಿನಲ್ಲಿ ಇಟ್ಟ ಹಣ. ಅದನ್ನೇ ತೆಗೆದು ಕಟ್ಟಿದರು. ಜುಲೈ ತಿಂಗಳಲ್ಲಿ ಶುಲ್ಕ ಕಟ್ಟಬೇಕು. ಇಲ್ಲವಾದರೆ ಹುಡುಗಿ ಮನೆಯಲ್ಲಿ. ಮಾಮಿ ಇದನ್ನು ನನ್ನ ಮುಂದೆ ಆಡಲಿಲ್ಲ. ಅವ್ವನ ಮುಂದೆ ಆಡಿದರು. ಅದು ನನಗೆ ತಿಳಿಯಿತು.

ಎರಡು ದಿನ ಕ್ಯಾಜುವಲ್ ರಜೆ ಹಾಕಿ ಧಾರವಾಡಕ್ಕೆ ಹೋದೆ. ಕಾಗದ ಕೂಡಿಸುವುದು ನನ್ನ ನಿತ್ಯದ ಕೆಲಸವೇ. ವಿಮೆಯ ಅರ್ಜಿ, ಟಿಕೇಟು, ವಿಮೆಯ ನಂಬರು ಬಂದ ಸಂದೇಶ, ಅಪಘಾತ ನಡೆದದ್ದು ನಿಜವೆಂದು ರೇಲ್ವೆಯವರ ವರದಿ, ಆಸ್ಪತ್ರೆಯ ಬಿಡುಗಡೆ ಪತ್ರ, ಎಕ್ಸ್‌ರೇ, ಒಂದೊಂದು ಔಷಧದ ಚೀಟಿ, ಬ್ಯಾಂಕಿನ ರದ್ದು ಮಾಡಿದ ಚೆಕ್ಕು. ಅಪಘಾತವಾದ ನಾಲ್ಕು ತಿಂಗಳೊಳಗೆ ಕಂಪನಿಗೆ ತಿಳಿಸಬೇಕೆಂಬುದು ನಿಯಮ. ನಾವು ಮೂರನೆಯ ವಾರದಲ್ಲೇ ಕಳಿಸಿದೆವು. ಪ್ರತಿಯೊಂದರ ಮೂರು ನಕಲು ಮಾಡಿಸಿ, ಪುಟಕ್ಕೆ ನಂಬರು ಹಾಕಿ, ಮೇಲೆ ಒಂದು ಪಟ್ಟಿ ಹೊಲಿದೆ. ಮಾಮಾ ಹಾಸಿಗೆಯಿಂದಲೇ ನೋಡಿ, “ಇಷ್ಟು ಛಂದ ಫೈಲು ಮಾಡೀಯಲ್ಲೋ, ನಿಮ್ಮ ಸಾಹೇಬ ನಿನಗ ಪ್ರಮೋಶನ್ ಯಾಕ ಕೊಟ್ಟಿಲ್ಲ?” ಎಂದರು. ಎಲುಬು ಮುರಿದರೂ ನಾಲಗೆ ನೆಟ್ಟಗಿತ್ತು.

ಎಪ್ರಿಲ್ ತಿಂಗಳಲ್ಲಿ ಕಂಪನಿಯಿಂದ ಒಂದು ಪ್ರಶ್ನೆ ಬಂತು. ಗಾಯವಾದದ್ದು ಗಾಡಿಯಿಂದ ಇಳಿಯುವಾಗಲೋ, ಇಳಿದಾದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ನಡೆಯುವಾಗಲೋ? ಓದಿ ನನಗೆ ಸಿಟ್ಟು ಬರಲಿಲ್ಲ. ನಾನು ಆ ಕುರ್ಚಿಯಲ್ಲಿದ್ದರೂ ಇದನ್ನೇ ಕೇಳುತ್ತಿದ್ದೆ. ಗಾಡಿ ಹತ್ತುವುದು ಇಳಿಯುವುದು ವಿಮೆಯೊಳಗೆ ಸೇರಿದೆ. ಸ್ಟೇಶನ್ನಿನ ಮೆಟ್ಟಿಲಲ್ಲಿ ಜಾರಿದರೆ ಸೇರಿಲ್ಲ. ಎರಡಕ್ಕೂ ನಡುವೆ ಒಂದು ಹೆಜ್ಜೆಯ ಅಂತರ. ಆ ಹೆಜ್ಜೆ ಎಲ್ಲಿ ಬಿತ್ತೆಂಬುದಕ್ಕೆ ಮುರಿದ ತೊಡೆ ಸಾಕ್ಷಿ ಹೇಳಲಾರದು. ಹುಡುಗ ಅಂದು ಬೆಳಿಗ್ಗೆ ಬರೆಸಿದ ನಾಲ್ಕು ಸಾಲು ಮತ್ತು ಪೋಲೀಸನ ಮಾತು ಹೇಳಿದವು. ಜೂನ್ ಎರಡನೆಯ ವಾರದಲ್ಲಿ ಒಂದು ಲಕ್ಷದ ಮೂವತ್ತೊಂದು ಸಾವಿರ ಮಾಮಾನ ಖಾತೆಗೆ ಬಿತ್ತು. ಉಳಿದದ್ದನ್ನು ಊಟ, ಕೈಗವಸು ಇತ್ಯಾದಿ ಎಂದು ಕಡಿದಿದ್ದರು. ಹುಡುಗಿ ಈಗ ಮೂರನೆಯ ವರ್ಷದಲ್ಲಿದ್ದಾಳೆ.

ಇನ್ನು ಈ ವಿಮೆ ಎಲ್ಲಿ ಕೈ ಬಿಡುತ್ತದೆಂಬುದನ್ನೂ ಹೇಳಬೇಕು. ಸ್ಟೇಶನ್ನಿನ ಖಿಡಕಿಯಲ್ಲಿ ಕೊಂಡ ಟಿಕೇಟಿಗೆ ಇದು ಇಲ್ಲ. ಆರ್.ಏ.ಸಿ.ಗೆ ಉಂಟು, ವೇಟಿಂಗ್ ಲಿಸ್ಟಿಗೆ ಇಲ್ಲ. ಗಾಡಿಯಲ್ಲಿ ಹೃದಯಾಘಾತವಾದರೆ ಅದು ಅಪಘಾತವಲ್ಲ. ಸೂಟ್‌ಕೇಸು ಕಳುವಾದರೂ ಕೊಡುವುದಿಲ್ಲ. ಗಾಡಿ ತಡವಾದರೂ ಇಲ್ಲ. ಆದರೆ ಮೂರು ತಾಸಿಗಿಂತ ಹೆಚ್ಚು ತಡವಾಗಿ ನೀವು ಪ್ರಯಾಣವನ್ನೇ ಬಿಟ್ಟರೆ, ಗಾಡಿ ಹೊರಡುವ ಮೊದಲು ಟಿ.ಡಿ.ಆರ್. ಎಂಬ ಅರ್ಜಿ ತುಂಬಿ ಪೂರ್ತಿ ಹಣ ಹಿಂದಕ್ಕೆ ಕೇಳಬಹುದು. ಅದಕ್ಕೂ ವಿಮೆಗೂ ಸಂಬಂಧವಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಸಾಮಾನ್ಯ ಬೋಗಿಯವರಿಗೆ ಇದು ಸಿಗದಿರುವುದು. ೨೦೨೩ರ ಜೂನ್ ೨ರಂದು ಒಡಿಶಾದ ಬಾಲೇಶ್ವರದ ಹತ್ತಿರ ನಡೆದ ಅಪಘಾತದಲ್ಲಿ ೨೮೦ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಸಿಕ್ಕ ಒಂದು ಗಾಡಿ ಬೆಂಗಳೂರಿನಿಂದ ಹೌರಾಕ್ಕೆ ಹೊರಟದ್ದು. ರಿಸರ್ವೇಶನ್ ಇಲ್ಲದೆ ನಿಂತುಕೊಂಡು ಹೋಗುತ್ತಿದ್ದ ಕೂಲಿಕಾರರಿಗೆ ನಲವತ್ತೈದು ಪೈಸೆ ಕೊಡುವ ಮನಸ್ಸಿದ್ದರೂ ಕೊಡುವ ದಾರಿ ಇರಲಿಲ್ಲ. ಯಾರಿಗೆ ಹೆಚ್ಚು ಬೇಕೋ ಅವರಿಗೇ ಇಲ್ಲವೆಂಬುದು ನನಗೆ ಸರಿ ಕಾಣುವುದಿಲ್ಲ.

ಅಂಥವರಿಗೆ ಇರುವ ಆಸರೆ ಬೇರೆ. ರೇಲ್ವೆ ಕಾಯಿದೆಯ ಪ್ರಕಾರ ರೇಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿನಲ್ಲಿ ಪರಿಹಾರ ಕೇಳಬಹುದು. ಸಾವಿಗೆ ಸಿಗುವ ಮೊತ್ತ ಮೊದಲು ೪ ಲಕ್ಷವಿತ್ತು, ೨೦೧೭ರ ಜನವರಿ ೧ರಿಂದ ೮ ಲಕ್ಷ. ಗಾಡಿಯಿಂದ ಬಿದ್ದು ಸತ್ತರೂ ಇದು ಅನ್ವಯಿಸುತ್ತದೆ. ಅರ್ಜಿಯನ್ನು ಒಂದು ವರ್ಷದೊಳಗೆ ಹಾಕಬೇಕು. ನಮ್ಮ ಸಂಘದ ಕಾರ್ಯಕ್ರಮಗಳಿಗೆ ಅಡಿಗೆ ಮಾಡುವ ಒಬ್ಬರ ಮಗ ಲೋಕಲ್ ಗಾಡಿಯ ಗದ್ದಲದಲ್ಲಿ ಬಾಗಿಲಿಂದ ಬಿದ್ದು ತೀರಿಕೊಂಡ. ಜೇಬಿನಲ್ಲಿದ್ದ ಟಿಕೇಟು ಸಿಗಲಿಲ್ಲ. ಟಿಕೇಟಿಲ್ಲ, ಆದ್ದರಿಂದ ಏನೂ ಇಲ್ಲವೆಂದು ಅವರು ಕೈಚೆಲ್ಲಿ ಕೂತಿದ್ದರು. ಆದರೆ ಟಿಕೇಟು ಸಿಗಲಿಲ್ಲವೆಂಬ ಒಂದೇ ಕಾರಣದಿಂದ ಸತ್ತವನು ಪ್ರಯಾಣಿಕನಲ್ಲವೆನ್ನಲು ಬಾರದೆಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ಹೇಳಿದೆ. ಮನೆಯವರು ಪ್ರಮಾಣಪತ್ರ ಬರೆದುಕೊಟ್ಟು ಮೊದಲ ಹೆಜ್ಜೆ ಇಡಬಹುದು. ಸಂಘದ ಇಬ್ಬರು ಹಿರಿಯ ವಕೀಲರು ಈ ಮಾತು ಹೇಳಿ ಅರ್ಜಿ ಹಾಕಿಸಿದರು. ಆಗ ವರ್ಷ ತುಂಬಲು ಹತ್ತೊಂಬತ್ತು ದಿನ ಉಳಿದಿತ್ತು. ಆ ತಾಯಿ ಈಗಲೂ ವಿಚಾರಣೆಯ ದಿನ ಬಂದರೆ ನಸುಕಿನಲ್ಲೇ ಅಡಿಗೆ ಮುಗಿಸಿ ಹೋಗುತ್ತಾರೆ.

ಮಕ್ಕಳು ಪರದೇಶದಲ್ಲಿರುವ ಮನೆಗಳಿಗೆ ಒಂದು ಮಾತು. ಯುರೋಪಿನ ಷೆಂಗನ್ ವೀಸಾಕ್ಕೆ ಕನಿಷ್ಠ ೩೦,೦೦೦ ಯೂರೋದ ವೈದ್ಯಕೀಯ ವಿಮೆ ಕಡ್ಡಾಯ; ಆದ್ದರಿಂದ ಅಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ಅಮೇರಿಕಕ್ಕೆ ಸೊಸೆಯ ಬಾಣಂತನಕ್ಕೆ ಹೋಗುವ ಅತ್ತೆಯಂದಿರು ಮಾತ್ರ ಅಗ್ಗದ ಪಾಲಿಸಿ ಕೊಳ್ಳುವಾಗ ಮೊದಲೇ ಇರುವ ಕಾಯಿಲೆಗೆ ಏನು ಬರೆದಿದ್ದಾರೆಂದು ಓದಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಮುಚ್ಚಿಟ್ಟು ಕೊಂಡ ವಿಮೆ ಅಲ್ಲಿಯ ಆಸ್ಪತ್ರೆಯ ಬಾಗಿಲಲ್ಲಿ ಬರೀ ಕಾಗದ.

ಕೊನೆಯದಾಗಿ ವಾರಸುದಾರರ ಹೆಸರಿನ ವಿಷಯ. ರೇಲ್ವೆ ವಿಮೆ ಕೊಂಡ ಮೇಲೆ ಕಂಪನಿಯವರಿಂದ ಫೋನಿಗೆ ಮತ್ತು ಈಮೇಲಿಗೆ ಸಂದೇಶ ಬರುತ್ತದೆ. ಅದರಲ್ಲಿಯ ಕೊಂಡಿ ಒತ್ತಿ ನಾವೇ ಹೆಸರು ತುಂಬಬೇಕು. ತುಂಬದಿದ್ದರೆ ಹಣ ಕಾಯಿದೆಯ ವಾರಸುದಾರರಿಗೆ ಹೋಗುತ್ತದೆ, ಅಂದರೆ ಸರ್ಟಿಫಿಕೇಟು, ಕೋರ್ಟು, ಕಾಯುವುದು. ಸಂದೇಶ ಟಿಕೇಟು ತೆಗೆದವನ ಫೋನಿಗೆ ಬರುವುದರಿಂದ ಪ್ರಯಾಣ ಮಾಡುವವರಿಗೆ ಅದು ತಿಳಿಯುವುದೇ ಇಲ್ಲ. ಹೋದ ತಿಂಗಳು ಅವ್ವ ಊರಿಗೆ ಹೊರಟಾಗ ನಾನು ಅವಳನ್ನು ಕೂಡಿಸಿಕೊಂಡು ಯಾರ ಹೆಸರು ಬರೆಯಲೆಂದು ಕೇಳಿದೆ. ಕೆಟ್ಟ ಮಾತೆಂದು ಬೈಯುತ್ತಾಳೇನೋ ಎಂದುಕೊಂಡಿದ್ದೆ. ಮಾಮಾನ ಪ್ರಕರಣವಾದ ಮೇಲೆ ಅವಳ ಮಡಿ ಸಡಿಲಾಗಿದೆ. ಸ್ವಲ್ಪ ವಿಚಾರ ಮಾಡಿ ಮೊಮ್ಮಗಳ ಹೆಸರು ಬರಿ ಎಂದಳು. ಸಣ್ಣ ಮಕ್ಕಳ ಹೆಸರು ಬರೆದರೆ ಪಾಲಕರ ಹೆಸರೂ ಬೇಕಾಗುತ್ತದೆ ಎಂದೆ.

“ಹಂಗಾರ ನಿನ್ನ ಹೇಂತಿ ಹೆಸರು ಬರಿ” ಎಂದಳು ಅವ್ವ. “ನೀ ಪುಟಕ್ಕ ನಂಬರ ಹಾಕ್ಕೋತ ಕೂಡತಿ. ಅಕಿ ಹೋಗಿ ರೊಕ್ಕಾ ತರತಾಳ.”