ಹೆಸರಿಲ್ಲದ ನಳಿಕೆ

ರಕ್ತ ಪರೀಕ್ಷೆಯ ಚೀಟಿ ಕೈಗೆ ಬಂದೊಡನೆ ನಾವು ಅಂಕಿಗಳನ್ನು ನೋಡುತ್ತೇವೆಯೇ ಹೊರತು, ಆ ರಕ್ತ ಯಂತ್ರದವರೆಗೆ ಹೇಗೆ ಬಂತೆಂದು ಕೇಳುವುದಿಲ್ಲ. 1894ರಲ್ಲಿ ವಾನ್ಲೆಸ್ ಸಾಹೇಬರು ಮಿರಜಿನಲ್ಲಿ ಆಸ್ಪತ್ರೆ ತೆರೆದರು. ದೊಡ್ಡ ಜಡ್ಡು ಬಂದರೆ ರೈಲು ಹತ್ತಿ ಅತ್ತ ಹೋಗುವುದು ನಮ್ಮ ರಾಯಬಾಗದವರಿಗೆ ಹಳೆಯ ರೂಢಿ. ಈಗ ಎಷ್ಟೋ ಸಲ ರೋಗಿ ಮನೆಯಲ್ಲೇ ಇರುತ್ತಾನೆ, ಅವನ ರಕ್ತ ಮಾತ್ರ ಊರು ಬಿಡುತ್ತದೆ.

ಎರಡು ವರ್ಷದ ಹಿಂದೆ, ಸುಡು ಬೇಸಿಗೆಯಲ್ಲಿ, ನಮ್ಮ ಯಜಮಾನರ ರಕ್ತ ತೆಗೆಯಲು ಒಬ್ಬ ಹುಡುಗ ಬಂದ. ಸಿರಿಂಜಿನಿಂದ ನಳಿಕೆಗೆ ಜೋರಾಗಿ ಒತ್ತಿ, ಔಷಧದ ಬಾಟಲಿಯಂತೆ ಗಲಗಲ ಅಲ್ಲಾಡಿಸಿ ಕಿಸೆಗೆ ಹಾಕಿದ. ಕಿಸೆಯಲ್ಲಿ ಆಗಲೇ ಬೇರೆಯವರ ಎರಡು ನಳಿಕೆಗಳಿದ್ದವು. ಒಂದಕ್ಕೂ ಹೆಸರಿರಲಿಲ್ಲ.

"ಹೆಸರು ಬರಿಯೂದಿಲ್ಲೇನಪಾ?"

"ನೆಪ್ಪ ಇರತೈತ್ರಿ ಅಕ್ಕಾರ."

ನಂಬರಿಲ್ಲದ ಉತ್ತರಪತ್ರಿಕೆಯ ಗತಿ ಏನೆಂದು ಬಲ್ಲವಳು ನಾನು. ಪೆನ್ನು ಕೊಟ್ಟು ಅಲ್ಲೇ ಬರೆಸಿದೆ.

ಮರುದಿನ ಸಂಜೆ ಚೀಟಿ ಬಂತು: ಪೊಟ್ಯಾಸಿಯಂ 6.8. ಇರಬೇಕಾದದ್ದು ಸುಮಾರು 3.5ರಿಂದ 5. ಅದು ಏರಿದರೆ ಹೃದಯ ನಿಂತೀತೆಂದು ಯಾರೋ ಹೇಳಿದರು. ಆ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಬೆಳಿಗ್ಗೆ ಡಾಕ್ಟರು ಇ.ಸಿ.ಜಿ. ತೆಗೆದು, ಎಲ್ಲ ಸರಿ ಇದೆಯೆಂದು ಮತ್ತೆ ರಕ್ತ ತೆಗೆಸಿದರು. ಈ ಸಲ 4.3! ಕೆಂಪುಕಣಗಳ ಒಳಗೆ ಪೊಟ್ಯಾಸಿಯಂ ಹೊರಗಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಇರುತ್ತದಂತೆ. ಕುಲುಕಿದಾಗ ಕಣ ಒಡೆದು ಅದು ಸೋರುತ್ತದೆ. ಜಡ್ಡು ನಳಿಕೆಯದು, ಮನುಷ್ಯನದಲ್ಲ.

ಸಕ್ಕರೆಯ ಕಥೆ ಇದಕ್ಕೆ ತಿರುಗುಮುರುಗು. ನಳಿಕೆಯೊಳಗೂ ಕಣಗಳು ಬದುಕಿದ್ದು ಸಕ್ಕರೆ ತಿನ್ನುತ್ತಲೇ ಇರುತ್ತವೆ. ತಾಸಿಗೆ ನೂರಕ್ಕೆ ಐದರಿಂದ ಏಳು ಪಾಲು, ಬಿಸಿಲಿಗೆ ಇನ್ನೂ ಹೆಚ್ಚು. ಕಿಸೆಯಲ್ಲಿ ಮಧ್ಯಾಹ್ನ ಕಳೆದ ರಕ್ತ ಮಧುಮೇಹಿಗೆ ಸುಳ್ಳು ಸಮಾಧಾನ ಹೇಳೀತು. ಅದಕ್ಕೇ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ನಳಿಕೆ. ನೇರಳೆ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಇ.ಡಿ.ಟಿ.ಎ. ಇರುತ್ತದೆ, ಎಂಟು ಹತ್ತು ಸಲ ಮೆಲ್ಲಗೆ ಬೋರಲು ಮಾಡಿದರೆ ಸಾಕು. ಕಡಿಮೆ ಬಿತ್ತೆಂದು ಅದರಿಂದ ಇನ್ನೊಂದಕ್ಕೆ ಸುರಿದರೆ ಪೊಟ್ಯಾಸಿಯಂ ಏರಿ ಕ್ಯಾಲ್ಸಿಯಂ ಇಳಿಯುತ್ತದೆ. ಅಡಿಗೆಮನೆಯ ಲೆಕ್ಕ ಇಲ್ಲಿ ನಡೆಯದು.

ಈಗ ಆ ಹುಡುಗ ಪೆಟ್ಟಿಗೆ ತರುತ್ತಾನೆ, ಹೆಸರೂ ಬರೆಯುತ್ತಾನೆ. "ನೀವು ಬಾಳಪ್ಪ ಅಲ್ಲರೀ?" ಎಂದು ಕೇಳುವುದನ್ನು ಮಾತ್ರ ಬಿಟ್ಟಿಲ್ಲ. ಕಿವಿ ಮಂದವಾದ ಮುದುಕರು ಯಾವುದಕ್ಕೂ ಹೂಂ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಬಾಳಪ್ಪಗಳೇ ಮೂವರು. ಹೆಸರನ್ನು ಅವರ ಬಾಯಿಂದಲೇ ಹೇಳಿಸು, ವಯಸ್ಸನ್ನೂ ಬರಿ ಎಂದು ಹೇಳಿದ್ದೇನೆ.