ದ್ರಾಕ್ಷಿಯ ನಾಡಿನಲ್ಲೊಂದು ನಾಯಿ

ನಾಸಿಕದ ಹೆಸರನ್ನು ದೇಶದ ಮೂಲೆಮೂಲೆಗೆ ಒಯ್ದ ಬೆಳೆಗಳು ಎರಡು: ಒಂದು ದ್ರಾಕ್ಷಿ, ಇನ್ನೊಂದು ಈರುಳ್ಳಿ. ದಿಂಡೋರಿ, ನಿಫಾಡಗಳ ಕಡೆಗೆ ಹೊರಟರೆ ರಸ್ತೆಯ ಇಕ್ಕೆಲಗಳಲ್ಲೂ ದ್ರಾಕ್ಷಿಯ ಚಪ್ಪರಗಳು. ಲಾಸಲಗಾಂವದ ಮಾರುಕಟ್ಟೆಯಲ್ಲಿ ಈರುಳ್ಳಿಯ ಬೆಲೆ ಏರಿದರೂ ಇಳಿದರೂ ಸುದ್ದಿ ದಿಲ್ಲಿಯವರೆಗೆ ಮುಟ್ಟುತ್ತದೆ. ಊರಿನ ಹೆಮ್ಮೆಯಾದ ಈ ಎರಡೂ ಬೆಳೆಗಳು ನಾಯಿಯ ಪಾಲಿಗೆ ವಿಷ. ಈರುಳ್ಳಿ ಅದರ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ನಾಸಿಕದಲ್ಲಿ ನಾಯಿ ಸಾಕುವುದೆಂದರೆ ಊರು ಪ್ರೀತಿಯಿಂದ ಕೊಡುವುದನ್ನು ನಯವಾಗಿ ಬೇಡವೆನ್ನಲು ಕಲಿಯುವುದು ಎಂದೇ ಅರ್ಥ.

ಕೆಂಚ ನಮ್ಮ ಮನೆಗೆ ಬಂದದ್ದು 2013ರ ಮಳೆಗಾಲದಲ್ಲಿ. ಬೀದಿಯಲ್ಲಿ ಹುಟ್ಟಿದ ಮರಿ, ಮೈಬಣ್ಣ ಹೆಸರಿಗೆ ತಕ್ಕಂತೆ ಕೆಂಚು. ಓಣಿಯ ಮರಾಠಿ ಮಕ್ಕಳಿಗೆ ಆ ಹೆಸರಿನ ಅರ್ಥ ತಿಳಿಯದು, ಆದರೂ ಅವರ ಬಾಯಲ್ಲಿ ಅವನು 'ಕೆಂಚೂ' ಆಗಿ ಸೊಗಸಾಗಿಯೇ ಉಳಿದ. ಮೊದಲ ಲಸಿಕೆಯ ದಿನವೇ ಪಶುವೈದ್ಯರು ಹೇಳಿ ಕಳುಹಿಸಿದ ಮಾತು ಒಂದೇ: ಈ ಊರಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಎಚ್ಚರದಿಂದಿರಿ. ಅದು ದ್ರಾಕ್ಷಿಯ ಸುಗ್ಗಿ. ಆ ದಿನಗಳಲ್ಲಿ ತೋಟವುಳ್ಳವರು ನೆರೆಮನೆಗಳಿಗೆ ಪೆಟ್ಟಿಗೆಗಟ್ಟಲೆ ಹಣ್ಣು ಹಂಚುತ್ತಾರೆ. ಮನೆಯವರಿಗೆ ಕೊಟ್ಟ ಕೈ ನಾಯಿಯ ಕಡೆಗೂ ನಾಲ್ಕು ಕಾಳು ಚಾಚುವುದು ಸಹಜ.

ಈ ಎಚ್ಚರಿಕೆ ಹಲವರಿಗೆ ಅತಿಯೆನಿಸುತ್ತದೆ. 'ನಮ್ಮ ತೋಟದ ನಾಯಿ ಹುಟ್ಟಿದಂದಿನಿಂದ ದ್ರಾಕ್ಷಿ ತಿನ್ನುತ್ತದೆ, ಏನೂ ಆಗಿಲ್ಲ' ಎಂದವರು ಒಬ್ಬಿಬ್ಬರಲ್ಲ. ಅವರು ಸುಳ್ಳಾಡುತ್ತಿರಲಿಲ್ಲ. ಈ ವಿಷದ ಕಷ್ಟವೇ ಅದು: ಒಂದು ನಾಯಿ ಗೊಂಚಲು ತಿಂದು ಬಾಲ ಆಡಿಸಿಕೊಂಡಿರುತ್ತದೆ, ಇನ್ನೊಂದು ಹಿಡಿಯಷ್ಟು ತಿಂದು ಮೂರನೆಯ ದಿನಕ್ಕೆ ಮೂತ್ರ ನಿಂತು ಮಲಗುತ್ತದೆ. ಕಾರಣ ಬಹುಕಾಲ ಯಾರಿಗೂ ಹೊಳೆದಿರಲಿಲ್ಲ. ಅಮೆರಿಕದಲ್ಲಿ ಪ್ರಾಣಿಗಳ ವಿಷಪ್ರಕರಣಗಳನ್ನು ನೋಡಿಕೊಳ್ಳುವ ಪಶುವೈದ್ಯರು 2021ರಲ್ಲಿ ಒಂದು ಸುಳಿವು ಮುಂದಿಟ್ಟರು. ಮಕ್ಕಳ ಆಟಕ್ಕೆಂದು ಮನೆಯಲ್ಲಿ ನಾದಿದ ಹಿಟ್ಟನ್ನು ತಿಂದ ನಾಯಿಯಲ್ಲಿ ದ್ರಾಕ್ಷಿ ತಿಂದಾಗಿನ ಲಕ್ಷಣಗಳೇ ಕಂಡವು. ಆ ಹಿಟ್ಟಿನಲ್ಲಿದ್ದುದು ಟಾರ್ಟಾರಿಕ್ ಆಮ್ಲದ ಲವಣ. ಆ ಆಮ್ಲವೇ ದ್ರಾಕ್ಷಿಯಲ್ಲೂ ಇದೆ; ತಳಿ, ಮಾಗುವಿಕೆಗಳಿಗೆ ತಕ್ಕಂತೆ ಅದರ ಪ್ರಮಾಣ ಏರುಪೇರಾಗುತ್ತದೆ. ತೋಟದ ನಾಯಿ ಬದುಕಿದ್ದಕ್ಕೂ ಇನ್ನೊಂದು ಸತ್ತದ್ದಕ್ಕೂ ಇದರಲ್ಲಿ ಒಂದು ಸಮಾಧಾನ ಸಿಗುತ್ತದೆ. ಕನ್ನಡದ ಅಡುಗೆಮನೆಗೆ ಇನ್ನೂ ಹತ್ತಿರದ ಸಂಗತಿಯೆಂದರೆ ಅದೇ ಆಮ್ಲ ಹುಣಸೆಯಲ್ಲೂ ಧಾರಾಳವಾಗಿದೆ. ಗೊಜ್ಜು ಉಳಿದ ಪಾತ್ರೆಯನ್ನು ನಾಯಿಯ ಮುಂದಿಡುವ ಮುನ್ನ ಇಷ್ಟು ನೆನಪಿದ್ದರೆ ಸಾಕು.

ನಮ್ಮ ಓಣಿಯಲ್ಲೇ ಒಂದು ಮನೆಯ ನಾಯಿ ಹಬ್ಬದ ಹಿಂದಿನ ದಿನ ಒಣದ್ರಾಕ್ಷಿಯ ಪೊಟ್ಟಣವನ್ನು ಪೂರ್ತಿ ತಿಂದುಬಿಟ್ಟಿತು. ಅಂದು ಸಂಜೆ ವಾಂತಿ, ಮರುದಿನ ಮಂಕು. ವಾರ ಕಳೆಯುವುದರೊಳಗೆ ಅದು ಇಲ್ಲವಾಯಿತು. ಆ ಮನೆಯ ಹುಡುಗಿ ಆಗ ಏಳರ ವಯಸ್ಸಿನವಳು. ಅಲ್ಲಿಂದ ಮುಂದೆ ಅವಳು ಕೆಂಚನಿಗೆ ಏನನ್ನೂ ಕೊಡಲೊಲ್ಲದಾದಳು. ಕೊಡಬೇಕೆಂಬ ಆಸೆಯನ್ನು ಕೈಯಲ್ಲಿ ಹಿಡಿದು ಗೇಟಿನ ಬಳಿ ನಿಂತುಬಿಡುತ್ತಿದ್ದಳು. 'ತ್ಯಾಲಾ ದ್ರಾಕ್ಷ ಚಾಲತ್ ನಾಹೀ' ಎಂಬ ನಮ್ಮ ಒಡಕು ಮರಾಠಿಯ ವಾಕ್ಯ ಎಲ್ಲರನ್ನೂ ತಡೆದಿತ್ತು, ಯಾರಿಗೂ ದಾರಿ ತೋರಿರಲಿಲ್ಲ. ಬೇಡ ಎಂದಷ್ಟೇ ಹೇಳುವ ಮನೆಗಿಂತ ಇದು ಆದೀತು ಎಂದು ಹೇಳುವ ಮನೆಯಾಗಬೇಕು ಎಂದು ನಮಗೆ ಅನಿಸಿದ್ದು ಆಗ. ಹಣ್ಣಿನ ತಣ್ಣನೆಯ ತಿನಿಸು ಮಾಡುವ ಕೆಲಸ ಶುರುವಾದದ್ದು ಹಾಗೆ.

ಅಚ್ಚು ಹುಡುಕುವ ಕಷ್ಟ ಬರಲಿಲ್ಲ. ಕನ್ನಡದ ಮನೆಯಲ್ಲಿ ಇಡ್ಲಿ ತಟ್ಟೆ ಇಲ್ಲದಿರುತ್ತದೆಯೇ? ತೂತಿಲ್ಲದ ಸ್ಟೀಲಿನ ತಟ್ಟೆ, ಒಂದಕ್ಕೆ ನಾಲ್ಕು ಗುಳಿ. ನಾಲ್ಕು ತಟ್ಟೆ ಫ್ರೀಜರಿನಲ್ಲಿ ಕೂತರೆ ಹದಿನಾರು ಬಿಲ್ಲೆ. ಹಣ್ಣಿನ ಲೆಕ್ಕವೂ ಸರಳ. ಕಲ್ಲಂಗಡಿಯಾದರೆ ಬೀಜ, ಸಿಪ್ಪೆ ತೆಗೆದು ಕಿವುಚಿ ಸುರಿದರಾಯಿತು. ಪಪ್ಪಾಯಿಯಾದರೂ ಅಷ್ಟೇ. ಬಾಳೆಹಣ್ಣಾದರೆ ಒಂದು ಹಣ್ಣಿಗೆ ನಾಲ್ಕು ಚಮಚ ಸಪ್ಪೆ ಮೊಸರು, ಅರ್ಧ ಲೋಟ ನೀರು. ಸೇಬಿನ ಬೀಜದಲ್ಲಿ ಸಯನೈಡನ್ನು ಹುಟ್ಟಿಸುವ ಅಂಶವಿರುವುದರಿಂದ ನಡುಗಂಟನ್ನು ಕತ್ತರಿಸಿ ಎಸೆಯಬೇಕು. ಸಕ್ಕರೆ, ಬೆಲ್ಲ, ಉಪ್ಪು ಯಾವುದೂ ಬೇಡ. 'ಸಕ್ಕರೆರಹಿತ' ಎಂದು ಬರೆದ ಪೊಟ್ಟಣಗಳಂತೂ ಬೇಡವೇ ಬೇಡ. ಅವುಗಳಲ್ಲಿ ಬಳಸುವ ಜೈಲಿಟಾಲ್ ನಾಯಿಗೆ ಮಾರಕ. ಬಿಲ್ಲೆ ಬಿಡಿಸಲು ತಟ್ಟೆಯ ಬೆನ್ನಿಗೆ ಒಂದಿಷ್ಟು ನೀರು ಸವರಿದರೆ ಸಾಕು. ಕಲ್ಲಿನಂತೆ ಗಟ್ಟಿಯಿದ್ದಾಗ ಕೊಟ್ಟರೆ ಹಲ್ಲು ಒಡೆದೀತು. ಐದು ನಿಮಿಷ ಹೊರಗಿಟ್ಟು, ಅಂಚು ಮೆತ್ತಗಾದ ಮೇಲೆ ಕೊಡಬೇಕು. ಅಳತೆಯ ನಿಯಮವೂ ಒಂದುಂಟು: ಇಂಥ ತಿನಿಸು ದಿನದ ಆಹಾರದ ಹತ್ತರಲ್ಲೊಂದು ಪಾಲನ್ನು ಮೀರಬಾರದು. ಹದಿನೈದು ಕಿಲೋ ತೂಕದ ನಾಯಿಗೆ ಅದು ಹೆಚ್ಚೆಂದರೆ ಒಂದು ಸಣ್ಣ ಬಾಳೆಹಣ್ಣಿನಷ್ಟು.

ಆ ಹುಡುಗಿ ಮೊದಲ ಬಿಲ್ಲೆಯನ್ನು ಕೆಂಚನ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅವನು ಮೂಸಿದ, ಮೂಗಿನಿಂದ ದೂಡಿದ, ನೆಕ್ಕಿದ. ಅವಳು ನಮ್ಮ ಮುಖ ನೋಡಿದಳು. ನಾವು ತಲೆಯಾಡಿಸಿದೆವು. ಬಹಳ ದಿನಗಳ ಮೇಲೆ ಅವಳು ಅವನ ತಲೆ ಸವರಿದಳು.

2023ರಲ್ಲಿ ಔರಂಗಾಬಾದಿಗೆ ಛತ್ರಪತಿ ಸಂಭಾಜಿನಗರವೆಂಬ ಹೆಸರು ಬಂತು. ಮರುವರ್ಷ ಉದ್ಯೋಗ ನಮ್ಮನ್ನು ಅಲ್ಲಿಗೆ ಕರೆಯಿತು. ಕನ್ನಡಿಗರಿಗೆ ಅದು ಪರಸ್ಥಳವೆನಿಸಬಾರದ ಊರು. ವೇರುಳದ ಕೈಲಾಸ ದೇವಾಲಯವನ್ನು ಬಂಡೆಯಿಂದ ಕಡೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಕನ್ನಡದ ನಾಡು ಗೋದಾವರಿಯವರೆಗೆ ಹಬ್ಬಿತ್ತೆಂದು ಕವಿರಾಜಮಾರ್ಗವೇ ಸಾರುತ್ತದೆ. ಆದರೆ ಏಪ್ರಿಲ್ ತಿಂಗಳ ಮರಾಠವಾಡದ ಬಿಸಿಲಿಗೆ ಇತಿಹಾಸದ ದಾಕ್ಷಿಣ್ಯವಿಲ್ಲ. ಪಾರೆ ನಲವತ್ತು ಡಿಗ್ರಿಯನ್ನು ದಾಟುವಾಗ ಹನ್ನೊಂದು ತುಂಬಿದ ಕೆಂಚ ಬಚ್ಚಲಿನ ನೆಲಕ್ಕೆ ಹೊಟ್ಟೆಯಾನಿಸಿ ಮಲಗುತ್ತಿದ್ದ. ನಾಯಿಗೆ ಬೆವರುವುದೆಂದರೆ ಅಂಗಾಲಿನಲ್ಲಿ ಮಾತ್ರ, ಅದೂ ಅತ್ಯಲ್ಪ. ಮೈಯ ಬಿಸಿಯನ್ನು ಅದು ಏದುಸಿರು ಬಿಟ್ಟು, ನಾಲಗೆಯ ಮೇಲಿನ ತೇವವನ್ನು ಆರಿಸಿಯೇ ಕಳೆಯಬೇಕು. ಒಣಹವೆಯಲ್ಲಿ ಆ ಉಪಾಯ ಫಲಿಸುತ್ತದೆ, ಆದರೆ ಪ್ರತಿ ಉಸಿರಿನೊಡನೆ ನೀರು ಖರ್ಚಾಗುತ್ತದೆ. ಮೈಯ ತಾಪ ನಲವತ್ತೊಂದು ಡಿಗ್ರಿಯನ್ನು ದಾಟಿ ನಾಯಿ ತೂರಾಡಿದರೆ ಹಣ್ಣಿನ ಬಿಲ್ಲೆಯಿಂದ ಆಗುವುದೇನೂ ಇಲ್ಲ. ಮೈಗೆ ನೀರು ಸುರಿದು, ಗಾಳಿ ಹಾಕಿ, ವೈದ್ಯರಲ್ಲಿಗೆ ಓಡಬೇಕು. ಆ ಸ್ಥಿತಿ ಬಾರದಂತೆ ದಿನವಿಡೀ ಒಂದಿಷ್ಟು ನೀರು ಒಳಗೆ ಸೇರಿಸುವುದಷ್ಟೇ ಈ ತಿನಿಸಿನ ಕೆಲಸ.

ಆ ನೀರಿನದೇ ಅಲ್ಲಿ ಪ್ರಶ್ನೆ. ಸಂಭಾಜಿನಗರದಲ್ಲಿ ನಲ್ಲಿಗೆ ದಿನವೂ ನೀರು ಬರುವುದಿಲ್ಲ. ಕೆಲವು ದಿನಗಳಿಗೊಮ್ಮೆ ಬರುತ್ತದೆ. ಆ ಹೊತ್ತಿಗೆ ಓಣಿಗೆ ಓಣಿಯೇ ಎದ್ದು ಕೊಡ, ಪೀಪಾಯಿ, ಬಕೆಟ್ಟುಗಳನ್ನು ತುಂಬುತ್ತದೆ. ರಾಣೆಬೆನ್ನೂರಿನ ಕಡೆಯಿಂದ ಬೇಸಿಗೆ ಕಳೆಯಲು ಬಂದ ನಮ್ಮ ಮನೆಯ ಅಜ್ಜಿ ಈ ಓಡಾಟವನ್ನು ಎರಡು ಸಲ ನೋಡಿದರು. ಮೂರನೆಯ ದಿನ ಫ್ರೀಜರು ತೆರೆದಾಗ ಇಡ್ಲಿ ತಟ್ಟೆ ಕಂಡಿತು. 'ಮನಷ್ಯಾರಿಗೆ ಕುಡಿಯಾಕ ನೀರಿಲ್ಲ, ನಾಯಿಗೆ ಐಸ್‌ಕ್ರೀಮ್ ಏನ್ರಪಾ?' ಎಂದರು.

ಆ ಪ್ರಶ್ನೆಗೆ ಲೆಕ್ಕದ ಉತ್ತರವೊಂದಿತ್ತು. ಹದಿನಾರು ಬಿಲ್ಲೆಗೆ ಬೇಕಾಗುವ ನೀರು ಎರಡು ಲೋಟವನ್ನು ಮೀರದು. ಕಲ್ಲಂಗಡಿಯಾದರೆ ಅದೂ ಬೇಡ. ಆದರೆ ಅಜ್ಜಿ ಕೇಳಿದ್ದು ಲೋಟದ ಲೆಕ್ಕವನ್ನಲ್ಲ. ಯಾರ ಬಾಯಾರಿಕೆ ಮೊದಲು ಎಂಬುದನ್ನು ಕೇಳಿದ್ದರು. ಹೊರಗೆ ನೀರಿನ ಟ್ಯಾಂಕರಿಗೆ ಸರತಿ ನಿಂತಿರುವಾಗ ಒಳಗೆ ಒಂದು ಸಾಕುನಾಯಿ ಮಾವಿನ ಬಿಲ್ಲೆ ನೆಕ್ಕುತ್ತಿದ್ದರೆ, ಆ ನೋಟದಲ್ಲಿ ಒಂದು ಮುಳ್ಳು ಇದ್ದೇ ಇದೆ. ನಾವು ವಾದಿಸಲಿಲ್ಲ. ಅಂದಿನಿಂದ ಅಕ್ಕಿ, ಹಣ್ಣು ತೊಳೆದ ನೀರನ್ನು ಗಿಡಗಳಿಗೆ ಎತ್ತಿಟ್ಟು, ಹಾಗೆ ಉಳಿದ ಒಳ್ಳೆಯ ನೀರನ್ನು ಗೇಟಿನ ಹೊರಗೆ ಮಣ್ಣಿನ ಬೋಗುಣಿಯಲ್ಲಿ ಇಡತೊಡಗಿದೆವು. ಬೀದಿಯ ನಾಯಿಗಳು, ಅಳಿಲು, ಗುಬ್ಬಿ, ಒಮ್ಮೊಮ್ಮೆ ಒಂದು ಹಸುವೂ ಬಂದು ಕುಡಿದು ಹೋಗುತ್ತಿದ್ದವು.

ಉತ್ತರ ಕೊನೆಗೆ ಬಂದದ್ದು ಅಜ್ಜಿಯಿಂದಲೇ. ಊರಿನ ಹೊರವಲಯದ ಸಾತಾರಾದಲ್ಲಿ ಖಂಡೋಬನ ಗುಡಿಯಿದೆ. ಒಂದು ಭಾನುವಾರ ಅವರನ್ನು ಕರೆದುಕೊಂಡು ಹೋದೆವು. ಖಂಡೋಬನೆಂದರೆ ನಮ್ಮ ಮೈಲಾರಲಿಂಗನೇ. ಭಂಡಾರದ ಅರಿಶಿನವೂ ಅದೇ, ಜೊತೆಗಿರುವ ನಾಯಿಯೂ ಅದೇ. ಅಜ್ಜಿ ಹಳೆಯದನ್ನೆಲ್ಲ ನೆನೆದರು. ಮೈಲಾರದ ಜಾತ್ರೆಯಲ್ಲಿ ಕಂಬಳಿ ಹೊದ್ದ ಗೊರವರು ದೋಣಿಯಲ್ಲಿ ಸುರಿದ ಹಾಲು, ತುಪ್ಪ, ಬಾಳೆಹಣ್ಣನ್ನು ನಾಯಿಗಳಂತೆ ಬೊಗಳುತ್ತ, ಕಿತ್ತಾಡುತ್ತ ತಿನ್ನುವ ದೋಣಿ ಸೇವೆಯನ್ನು ಅವರು ಬಾಲ್ಯದಲ್ಲಿ ಕಂಡವರು. ಮನೆಗೆ ಬಂದವರೇ ಬಾಳೆಹಣ್ಣನ್ನು ಮೊಸರಿನಲ್ಲಿ ಕಿವುಚುತ್ತ, 'ದೇವರ ದೋಣ್ಯಾಗ ಇದ್ದದ್ದು ಇದ ಅಲ್ಲೇನು' ಎಂದರು. ಮರುದಿನದಿಂದ ಇಡ್ಲಿ ತಟ್ಟೆ ಅವರ ಸುಪರ್ದಿಗೆ ಹೋಯಿತು.

ನೀರಿನ ಮಾತಿಗೂ ಆ ನೆಲವೇ ಒಂದು ಕಥೆ ಕಟ್ಟಿಟ್ಟುಕೊಂಡಿದೆ. ಸಂಭಾಜಿನಗರದ ನಲ್ಲಿಗೆ ಬರುವ ನೀರು ಪೈಠಣದ ಜಾಯಕವಾಡಿ ಅಣೆಕಟ್ಟಿನದು. ಅದರ ಜಲಾಶಯಕ್ಕೆ ನಾಥಸಾಗರವೆಂದು ಹೆಸರು, ಪೈಠಣದ ಸಂತ ಏಕನಾಥರ ನೆನಪಿಗೆ. ಕಾಶಿಯಿಂದ ರಾಮೇಶ್ವರನಿಗೆಂದು ಹೊತ್ತು ಹೊರಟ ಗಂಗಾಜಲವನ್ನು ಬಾಯಾರಿ ಬಿದ್ದ ಕತ್ತೆಗೆ ಕುಡಿಸಿದವರು ಅವರೆಂದು ಜನ ಹೇಳುತ್ತಾರೆ. ಆ ಜಲಾಶಯ ತುಂಬಬೇಕಾದರೆ ನಾಸಿಕದ ಕಡೆಯ ಅಣೆಕಟ್ಟುಗಳಿಂದ ನೀರು ಇಳಿಯಬೇಕು. ಅದಕ್ಕಾಗಿ ಮೇಲಿನವರಿಗೂ ಕೆಳಗಿನವರಿಗೂ ಜಗಳ ಹಳೆಯದು. ಕೆಂಚ ಎರಡೂ ಊರುಗಳಲ್ಲಿ ನೆಕ್ಕಿದ್ದು ಒಂದೇ ಗೋದಾವರಿಯನ್ನು.

ಈಗ ಅವನ ಮೂತ್ರಪಿಂಡಗಳು ಮುಪ್ಪಿಗೆ ಸೋತಿವೆ. ಬಾಳೆಹಣ್ಣಿನ ಪೊಟ್ಯಾಸಿಯಂ ಆಗದೆಂದು ವೈದ್ಯರು ಅದನ್ನು ಬಿಡಿಸಿದ್ದಾರೆ. ಮರಾಠವಾಡದ ಕೇಸರ್ ಮಾವೂ ಬೇಡವೆಂದಿದ್ದಾರೆ. ಉಳಿದದ್ದು ಕಲ್ಲಂಗಡಿ, ಅದೂ ಅಳೆದು, ನೀರು ಬೆರೆಸಿ ತೆಳುವಾಗಿಸಿ. ಬಟ್ಟಲಿನ ನೀರಿಗೆ ಮುಖ ತಿರುವುವ ದಿನವೂ ಆ ಬಿಲ್ಲೆಯನ್ನು ನಿಧಾನವಾಗಿ ನೆಕ್ಕುತ್ತಾನೆ. ಒಂದು ಬಿಲ್ಲೆ ಕರಗಿ ಮುಗಿಯಲು ಈಗ ಅರ್ಧ ಗಂಟೆ ಹಿಡಿಯುತ್ತದೆ. ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತಿರುತ್ತೇವೆ.

ಈ ಓಣಿಯ ಮಕ್ಕಳೂ ಬರುತ್ತಾರೆ. ಒಬ್ಬನ ಕೈಯಲ್ಲಿ ಬಿಸ್ಕತ್ತು, ಇನ್ನೊಬ್ಬಳ ಕೈಯಲ್ಲಿ ಸೀತಾಫಲ, ಮತ್ತೊಬ್ಬನ ಮುಷ್ಟಿಯಲ್ಲಿ ನಾಸಿಕದಿಂದ ಬಂದ ದ್ರಾಕ್ಷಿ. ಕೊಡುವ ಮೊದಲು ಗೇಟಿನಾಚೆಯೇ ನಿಂತು, ಕೈ ಬಿಚ್ಚಿ ತೋರಿಸಿ ಕೇಳುತ್ತಾರೆ: 'ಹೇ ಚಾಲತೇ ಕಾ?'