ಪಟ್ಟಿಯಲ್ಲಿ ಇಲ್ಲದವರು

ಮಗಳ ಬಾಣಂತನಕ್ಕೆಂದು ಮ್ಯೂನಿಕ್‌ಗೆ ಹೋದವಳು ಅಲ್ಲಿ ಒಪೆರಾ ಗಾಯಕರಿಗೆ ಅಂಕ ಹಾಕುತ್ತ ಕೂತೆನೆಂದರೆ ನೀವು ನಗಬಹುದು. ಅದಕ್ಕೆ ಕಾರಣ ಕೆಳಗಿನ ಮನೆಯ ಅಜ್ಜಿ. ಮಗು ಮಲಗಿದ ಮಧ್ಯಾಹ್ನಗಳಲ್ಲಿ ಅವರು ಕೇಕ್ ಹಿಡಿದು ಮೇಲೆ ಬರುವರು, ನಾನು ಕಾಫಿ ಬೆರೆಸುವೆ. ಇಬ್ಬರದೂ ಹರಕುಮುರುಕು ಇಂಗ್ಲಿಷು. ಮಾತು ತೊಡಕಾದರೆ ಬಿಡಿಸಲು ಮಗಳಿದ್ದಳು.

ಒಪೆರಾ ಎಂದರೆ ಕಥೆಯೆಲ್ಲ ಹಾಡಿನಲ್ಲೇ ನಡೆಯುವ ನಾಟಕ. ಮೈಕು ಇಲ್ಲ. ಗಂಡುದನಿಗಳಲ್ಲಿ ಮೇಲಿನ ಶ್ರುತಿಯದು ಟೆನರ್. ಪ್ರೇಮಿಯ ಪಾತ್ರ ಹೆಚ್ಚಾಗಿ ಅವನಿಗೇ. ಇಂದು ಬದುಕಿರುವ ಟೆನರ್‌ಗಳಲ್ಲಿ ದೊಡ್ಡವರು ಯಾರು? ಇದು ಅಜ್ಜಿಯ ದಿನನಿತ್ಯದ ಪ್ರಶ್ನೆ.

ಮೊದಲು ಮೇಲಿನ ಸ್ವರ ನೋಡಬೇಕಂತೆ. 1972ರಲ್ಲಿ ಪವರೊಟ್ಟಿ ನ್ಯೂಯಾರ್ಕಿನಲ್ಲಿ ಒಂದೇ ಹಾಡಿನಲ್ಲಿ ಒಂಬತ್ತು ಸಲ ಮೇಲಿನ 'ಸಿ' ಮುಟ್ಟಿ ಮನೆಮಾತಾದರು. ಅದೇ ಹಾಡನ್ನು 2007ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಪೆರು ದೇಶದ ಹುವಾನ್ ಡಿಯಾಗೊ ಫ್ಲೋರೆಸ್ ಹಾಡಿ, ಚಪ್ಪಾಳೆ ನಿಲ್ಲದೆ ಮತ್ತೊಮ್ಮೆ ಹಾಡಿದರು. ಅಲ್ಲಿ ಹಾಗೆ ಮರಳಿ ಹಾಡುವ ವಾಡಿಕೆ ದಶಕಗಳಿಂದ ನಿಂತುಹೋಗಿತ್ತು. ಅದೇ ವರ್ಷ ಪವರೊಟ್ಟಿ ತೀರಿಕೊಂಡರು.

"ಎತ್ತರ ಒಂದೇ ಸಾಲದು. ಮೆಲ್ಲಗೆ ಹಾಡಿದ್ದೂ ಕೊನೆಯ ಸಾಲಿಗೆ ಕೇಳಬೇಕು" ಎನ್ನುತ್ತ ಅಜ್ಜಿ ತಮ್ಮೂರಿನವರೇ ಆದ ಯೋನಾಸ್ ಕೌಫ್ಮನ್‌ರ ಪಕ್ಷ ವಹಿಸುವರು.

ನನಗೆ ಗೊತ್ತಿದ್ದುದು 1990ರ ರೋಮ್ ಕಚೇರಿಯ ಕ್ಯಾಸೆಟ್ಟು ಮಾತ್ರ: ಪವರೊಟ್ಟಿ, ಕರೇರಾಸ್, ಡೊಮಿಂಗೊ. ವಾದ್ಯವೃಂದ ನಡೆಸಿದವರು ನಮ್ಮ ಮುಂಬಯಿಯ ಜುಬಿನ್ ಮೆಹ್ತಾ. "ಹಾಗಾದರೆ ಡೊಮಿಂಗೊ?" ಎಂದೆ. ಅಜ್ಜಿ ಎರಡೂ ಕೈ ಮೇಲೆತ್ತಿದರು. ನೂರಕ್ಕೂ ಹೆಚ್ಚು ಪಾತ್ರ ಹಾಡಿದವರು. 2009ರಿಂದ ಕೆಳದನಿಯ ಬ್ಯಾರಿಟೋನ್ ಪಾತ್ರಗಳಿಗೆ ಇಳಿದರೂ ಮೊದಲ ಹೆಸರು ಅವರದೇ ಎಂದರು.

ಮಗುವಿನ ಬಟ್ಟೆ ಮಡಿಸುತ್ತಿದ್ದ ಮಗಳು ತಲೆಯೆತ್ತಿದಳು. "2019 ಮರೆತುಹೋಯಿತೆ?"

ಆ ವರ್ಷ ಹಲವು ಮಹಿಳೆಯರು ಅವರ ಮೇಲೆ ಕಿರುಕುಳದ ಆರೋಪ ಮಾಡಿದ್ದರು. ಎಲ್ಲವೂ ಪರಸ್ಪರ ಒಪ್ಪಿಗೆಯದೆಂದೇ ತಾವು ನಂಬಿದ್ದಾಗಿ ಅವರು ಹೇಳಿದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಿಂದ ಹೊರಬಂದರು. ಲಾಸ್ ಏಂಜಲೀಸ್ ಒಪೆರಾ ಮಾಡಿಸಿದ ತನಿಖೆ 2020ರಲ್ಲಿ ಆ ದೂರುಗಳು ನಂಬತಕ್ಕವು ಎಂದಿತು. ಆಮೇಲೂ ಯುರೋಪಿನಲ್ಲಿ ಅವರ ಕಚೇರಿಗಳು ನಡೆದವು.

"ಆದರೂ ಕಂಠ ಕಂಠವೇ" ಎಂದರು ಅಜ್ಜಿ, ಸಣ್ಣ ದನಿಯಲ್ಲಿ.

ನಾನು ಮಾತಾಡಲಿಲ್ಲ. ಬಿ.ಎ. ಓದುವಾಗ ಸಂಗೀತ ಯಾಕೆ ಬಿಟ್ಟೆನೆಂದು ನಾನು ಯಾರಿಗೂ ಹೇಳಿರಲಿಲ್ಲ. ಮೇಷ್ಟ್ರು ಊರಿಗೇ ದೊಡ್ಡ ವಿದ್ವಾಂಸರು. ತಾಳ ತಿದ್ದಲು ಬಂದ ಅವರ ಕೈ ತಾಳಕ್ಕೇ ನಿಲ್ಲಲಿಲ್ಲ. ಪರೀಕ್ಷೆ ಹತ್ತಿರ ಬಂತೆಂದು ಅಮ್ಮನಿಗೆ ಸುಳ್ಳು ಹೇಳಿ ತಂಬೂರಿಗೆ ಗವಸು ಹಾಕಿಟ್ಟೆ. ಮುಂದೆ ಅವರಿಗೆ ಸನ್ಮಾನವಾದಾಗ ಅಪ್ಪ ಹಾರ ತೆಗೆದುಕೊಂಡು ಹೋದರು. ಆ ಹಾರ ಕಟ್ಟಿದವಳು ನಾನೇ.

ಆ ರಾತ್ರಿ ಮಗಳಿಗೆ ಮೊದಲ ಸಲ ಹೇಳಿದೆ. ಅವಳು ಮಗುವನ್ನು ನನ್ನ ಮಡಿಲಿಗೆ ಕೊಟ್ಟು ಪಕ್ಕದಲ್ಲಿ ಕೂತಳು.

ಮೇಷ್ಟ್ರ ಕಲ್ಯಾಣಿ ಇಂದಿಗೂ ನನ್ನ ಕಿವಿಯಲ್ಲಿದೆ. ಅಂಥ ಹಾಡಿಕೆ ಮತ್ತೆ ಕೇಳಲಿಲ್ಲ, ಅದನ್ನು ಅಲ್ಲವೆನ್ನಲಾರೆ. ಆದರೆ ದೊಡ್ಡವರ ಪಟ್ಟಿ ಮಾಡುವವರು, ಅವರೆದುರು ಹಾಡು ನಿಲ್ಲಿಸಿ ಎದ್ದುಹೋದವರನ್ನೂ ಒಮ್ಮೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡವೆ? ಅವರಲ್ಲಿ ಎಂಥೆಂಥ ಕಂಠಗಳಿದ್ದವೋ!

ಮರುದಿನ ನನ್ನ ಒಪ್ಪಿಗೆ ಕೇಳಿಯೇ ಮಗಳು ಅದನ್ನು ಜರ್ಮನ್‌ನಲ್ಲಿ ಅಜ್ಜಿಗೆ ಹೇಳಿದಳು. ಅಜ್ಜಿ ಬಹಳ ಹೊತ್ತು ಕಾಫಿ ಕಪ್ಪನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು:

"ನಿಮ್ಮ ದನಿ ಹೇಗಿತ್ತು?"

ಅಷ್ಟು ವರ್ಷಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.